ತಿರುಗುವುದು, ಸುತ್ತುವುದು, ಉರುಳುವುದು

(ಶಾಲಾ ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಬುಗುರಿ ಆಡಿ ಬೆಳೆದವರಿಗೆ ಈ ಭಾಷಣದ ಅಗತ್ಯ ಅಷ್ಟಾಗಿ ಇಲ್ಲ. ಬುಗುರಿಗೆ ಹುರಿ ಸುತ್ತುತ್ತೇವೆ; ಎಸೆದರೆ ಬುಗುರಿ ತಿರುಗುತ್ತದೆ; ವೇಗ ತಗ್ಗಿದಾಗ ವಾಲಿ ಉರುಳುತ್ತದೆ. ಆಟ ಒಂದು, ಕ್ರಿಯಾಪದ ಮೂರು. ಯಾವ ಹುಡುಗನೂ ಇವನ್ನು ಅದಲುಬದಲು ಮಾಡುವುದಿಲ್ಲ. ಅದೇ ಹುಡುಗ ಭೂಗೋಳದ ಪಾಠಕ್ಕೆ ಬಂದಾಗ ಮಾತ್ರ ತಡವರಿಸುತ್ತಾನೆ. ‘ಭ್ರಮಣ’, ‘ಪರಿಭ್ರಮಣ’ ಎರಡೂ ಅವನ ಕಿವಿಗೆ ಒಂದೇ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದು ಅಂಕ ಕಳೆದುಕೊಳ್ಳುತ್ತಾನೆ. ತಿಳಿವಳಿಕೆ ಅವನ ಬಾಯಲ್ಲೇ ಇತ್ತು. ನಾವು ಅದನ್ನು ಬಳಸಿಕೊಳ್ಳಲಿಲ್ಲ.

ಈ ಕ್ರಿಯಾಪದಗಳ ಗುಟ್ಟು ಒಂದೇ ಪ್ರಶ್ನೆಯಲ್ಲಿದೆ: ನಡು ಎಲ್ಲಿದೆ? ನಡು ವಸ್ತುವಿನ ಒಳಗೇ ಇದ್ದರೆ ಅದು ತಿರುಗುತ್ತದೆ. ಕುಂಬಾರನ ತಿಗರಿ, ಫ್ಯಾನು, ಬೀಸುವ ಕಲ್ಲು ಹೀಗೆ. ನಡು ಹೊರಗಿದ್ದರೆ ಸುತ್ತುತ್ತದೆ. ಗಾಣದ ಎತ್ತು ಗಾಣವನ್ನು ಸುತ್ತುತ್ತದೆ, ರುಮಾಲು ತಲೆಯನ್ನು ಸುತ್ತುತ್ತದೆ. ತಿರುಗುತ್ತಲೇ ನೆಲದ ಮೇಲೆ ಮುಂದೆ ಸಾಗಿದರೆ ಅದು ಉರುಳುವುದು. ಇದ್ದಲ್ಲೇ ಮಗ್ಗುಲು ಬದಲಿಸಿದರೆ ಹೊರಳುವುದು. ಕೆಸರಿನಲ್ಲಿ ಎಮ್ಮೆ ಮಾಡುವುದು ಇದನ್ನೇ.

ಇವು ನಿನ್ನೆ ಮೊನ್ನೆಯ ಮಾತುಗಳಲ್ಲ. ನಮ್ಮ ‘ತಿರುಗು’ ತೆಲುಗಿನಲ್ಲೂ ‘ತಿರುಗು’. ನಮ್ಮ ‘ಸುತ್ತು’ ತೆಲುಗಿನಲ್ಲಿ ‘ಚುಟ್ಟು’, ತಮಿಳಿನಲ್ಲಿ ‘ಸುಟ್ರು’. ‘ತಿರುಗು’ವಿನ ಬಳಗದ ಹಳೆಯ ಧಾತು ‘ತಿರಿ’. ಅದಕ್ಕೆ ಅಲೆಯುವುದು, ಬೇಡುವುದು ಎಂಬ ಅರ್ಥಗಳೂ ಬಂದವು. ಮನೆ ಮನೆ ತಿರುಗಿ ಬೇಡುವವನು ‘ತಿರುಕ’ನಾದ. ಹೊರಟಲ್ಲಿಗೇ ಮತ್ತೆ ಬರುವುದು ವೃತ್ತದ ಗುಣವಾದ್ದರಿಂದ ‘ತಿರುಗಿ’ ಎಂದರೆ ‘ಮತ್ತೆ’ ಎಂದೂ ಆಯಿತು. ‘ತಲೆ ಸುತ್ತಿತು’ ಎಂದರೆ ಬವಳಿ ಬಂತು ಎಂದಷ್ಟೇ; ‘ಅವನಿಗೆ ತಲೆ ತಿರುಗಿದೆ’ ಎಂದರೆ ಸೊಕ್ಕು ಬಂದಿದೆ ಎಂದೂ ಆಗಬಹುದು.

ಮಕ್ಕಳಿಗೆ ಇದನ್ನೆಲ್ಲ ಒಟ್ಟಿಗೆ ತೋರಿಸಲು ದೇವಸ್ಥಾನದ ಅಂಗಳಕ್ಕಿಂತ ಒಳ್ಳೆಯ ಜಾಗವಿಲ್ಲ. ಗುಡಿಗೆ ಬಂದವರು ಪ್ರದಕ್ಷಿಣೆ ಹಾಕುತ್ತಾರೆ: ಅದು ಸುತ್ತುವುದು. ನಿಂತಲ್ಲೇ ಆತ್ಮಪ್ರದಕ್ಷಿಣೆ ಮಾಡುತ್ತಾರೆ: ಅದು ತಿರುಗುವುದು. ಹರಕೆ ಹೊತ್ತವರು ಉರುಳುಸೇವೆ ಮಾಡುತ್ತಾರೆ: ಉರುಳುತ್ತಲೇ ಗುಡಿಯನ್ನು ಸುತ್ತುತ್ತಾರೆ.

ಇಲ್ಲಿಂದ ಚಂದ್ರನತ್ತ ಹೋಗೋಣ. ಚಂದ್ರ ನಮಗೆ ಒಂದೇ ಮುಖ ತೋರಿಸುತ್ತಾನಲ್ಲ, ಹಾಗಾದರೆ ಅವನು ತಿರುಗುವುದೇ ಇಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ದೊಡ್ಡವರೂ ಇಲ್ಲಿ ಎಡವುತ್ತಾರೆ. ಪೂರ್ವಕ್ಕೆ ಬಾಗಿಲಿರುವ ಗುಡಿಗೆ ಪ್ರದಕ್ಷಿಣೆ ಹಾಕಿ ನೋಡಿ. ಹೊರಡುವಾಗ ನಿಮ್ಮ ಮುಖ ದಕ್ಷಿಣಕ್ಕೆ, ಗುಡಿಯ ದಕ್ಷಿಣದ ಬದಿಯಲ್ಲಿ ಪಶ್ಚಿಮಕ್ಕೆ, ಹಿಂಬದಿಯಲ್ಲಿ ಉತ್ತರಕ್ಕೆ, ಕೊನೆಗೆ ಪೂರ್ವಕ್ಕೆ. ದೇವರ ಕಡೆಗೆ ಇದ್ದದ್ದು ಉದ್ದಕ್ಕೂ ನಿಮ್ಮ ಬಲಭುಜವೇ. ಆದರೂ ನೀವು ನಾಲ್ಕು ದಿಕ್ಕನ್ನೂ ನೋಡಿದಿರಿ. ಎಂದರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ನೀವೂ ಒಮ್ಮೆ ತಿರುಗಿದಿರಿ. ಚಂದ್ರನೂ ಹಾಗೆಯೇ. ಭೂಮಿಯನ್ನು ಸುತ್ತಲು ಅವನಿಗೆ ಬೇಕಾದದ್ದು ಸುಮಾರು 27.3 ದಿನ, ತನ್ನ ಅಕ್ಷದಲ್ಲಿ ಒಮ್ಮೆ ತಿರುಗಲು ಬೇಕಾದದ್ದೂ ಅಷ್ಟೇ.

ಆರ್ಯಭಟ ಕ್ರಿ.ಶ. 499ರಷ್ಟು ಹಿಂದೆಯೇ ಹೇಳಿದ್ದು ಇಂಥದೇ ಒಂದು ಭೇದವನ್ನು. ದೋಣಿಯಲ್ಲಿ ಸಾಗುವವನಿಗೆ ದಡದ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುತ್ತವೆ. ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ಕಾಣುವುದೂ ಹಾಗೆಯೇ ಎಂದ. ಆಕಾಶ ನಮ್ಮನ್ನು ಸುತ್ತುತ್ತಿಲ್ಲ, ಭೂಮಿ ತಿರುಗುತ್ತಿದೆ ಎಂಬುದು ಅದರ ಸಾರ.

ಒಂದು ಎಚ್ಚರಿಕೆ. ಬಳಕೆಯ ಮಾತು ಈ ಗೆರೆಯನ್ನು ಸದಾ ಪಾಲಿಸುವುದಿಲ್ಲ. ‘ಊರು ಸುತ್ತಿದ’, ‘ಊರು ತಿರುಗಿದ’ ಎರಡನ್ನೂ ಹೇಳುತ್ತೇವೆ. ‘ಭೂಮಿ ಸೂರ್ಯನ ಸುತ್ತ ತಿರುಗುತ್ತದೆ’ ಎಂದು ಮಗು ಬರೆದರೆ ತಪ್ಪು ಹಾಕಬೇಡಿ. ನಡು ಎಲ್ಲಿದೆ ಎಂಬುದನ್ನು ಅಲ್ಲಿ ‘ಸುತ್ತ’ ಎಂಬ ಮಾತೇ ಹೇಳಿದೆ.

ಶಾಸ್ತ್ರದ ಪದಗಳು ಬೇಡ ಎಂದು ನನ್ನ ವಾದವಲ್ಲ. ಭೂಮಿ ತಿರುಗುವುದರಿಂದ ಹಗಲು ರಾತ್ರಿ, ಓರೆಯಾಗಿ ನಿಂತು ಸೂರ್ಯನನ್ನು ಸುತ್ತುವುದರಿಂದ ಋತುಗಳು ಎಂದು ಮೊದಲು ಹೇಳಿ. ಭ್ರಮಣ, ಪರಿಭ್ರಮಣ ಆಮೇಲೆ ಬರಲಿ. ಮನೆಯ ಮಾತಿನಲ್ಲಿ ಒಮ್ಮೆ ಅರ್ಥವಾದದ್ದನ್ನು ಮಗು ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.