ಪ್ರೀತಿಯ ಹೆಸರಿನಲ್ಲಿ ನಡೆಯುವ ಕ್ರೌರ್ಯ

(ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕುಟುಂಬ ಸಂಬಂಧಗಳ ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಲಾಗಿದೆ. ಈ ವಿಷಯದಲ್ಲಿ ನೀವು ಜುಮಾ ಖುತ್ಬಾಗಳಲ್ಲಿ ಸಾಕಷ್ಟು ಉಪದೇಶಗಳನ್ನು ಆಲಿಸಿದ್ದೀರಿ. ಆದ್ದರಿಂದ ಇಂದು ನಾನು ಬೇರೊಂದು ದಾರಿಯಿಂದ ಬರಲು ಬಯಸುತ್ತೇನೆ. ನಿಮ್ಮ ಮನೆಯ ಹದಿಹರೆಯದ ಮಕ್ಕಳಲ್ಲಿ ಕೆಲವರಾದರೂ ಮೊಬೈಲ್‌ನಲ್ಲಿ ನೋಡಿರಬಹುದಾದ, ನಿಮ್ಮಲ್ಲಿ ಅನೇಕರು ಹೆಸರನ್ನೂ ಕೇಳಿರದ ಒಂದು ಟಿವಿ ಧಾರಾವಾಹಿಯಿಂದ ಮಾತನ್ನು ಆರಂಭಿಸುತ್ತೇನೆ. ಅದರ ಹೆಸರು 'ಒನ್ಸ್ ಅಪಾನ್ ಎ ಟೈಮ್'. ಅರ್ಥಾತ್, 'ಒಂದಾನೊಂದು ಕಾಲದಲ್ಲಿ'. ಅಮೆರಿಕದ ಎಬಿಸಿ ವಾಹಿನಿಯಲ್ಲಿ 2011ರ ಅಕ್ಟೋಬರ್‌ನಿಂದ 2018ರ ಮೇ ತಿಂಗಳವರೆಗೆ ಏಳು ಸರಣಿಗಳಲ್ಲಿ, 155 ಕಂತುಗಳಲ್ಲಿ ಅದು ಪ್ರಸಾರವಾಯಿತು.

ಮಾಟ ಮಂತ್ರಗಳ ಕತೆಗೆ ಈ ವೇದಿಕೆಯಲ್ಲಿ ಏನು ಕೆಲಸವೆಂದು ಹಿರಿಯರೊಬ್ಬರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಒಂದು ಸಂಗತಿಯನ್ನು ಗಮನಿಸಿರಿ. ಪವಿತ್ರ ಕುರ್‌ಆನ್ ಅಲ್ ಬಕರಃ ಅಧ್ಯಾಯದಲ್ಲಿ ಮಾಟದ ಪ್ರಸ್ತಾಪ ಮಾಡುವಾಗ, ಜನರು ಅದನ್ನು ಕಲಿತದ್ದು ಯಾವುದಕ್ಕೆಂದು ಹೇಳುತ್ತದೆ? ಪತಿ ಮತ್ತು ಪತ್ನಿಯ ನಡುವೆ ಬಿರುಕು ಹುಟ್ಟಿಸಲಿಕ್ಕೆ! ಹಾರುವ ಚಾಪೆಯ ಮಾತು ಅಲ್ಲಿಲ್ಲ, ಚಿನ್ನದ ರಾಶಿಯ ಮಾತೂ ಇಲ್ಲ. ಒಂದು ಮನೆ ಒಡೆಯುವ ಮಾತು ಇದೆ. ಈ ಧಾರಾವಾಹಿಯಲ್ಲಿಯೂ ಮಂತ್ರದಂಡವನ್ನು ಬದಿಗಿಟ್ಟರೆ ಉಳಿಯುವುದು ಮನೆಗಳು ಒಡೆದ ಕತೆಯೇ.

ಸ್ನೋವೈಟ್ ಎಂಬ ರಾಜಕುಮಾರಿಯ ಹಳೆಯ ಕತೆ ನಿಮಗೆ ಗೊತ್ತಿರಬಹುದು. ಮಲತಾಯಿಯಾದ ರಾಣಿಯೊಬ್ಬಳು ಹೊಟ್ಟೆಕಿಚ್ಚಿನಿಂದ ವಿಷದ ಸೇಬನ್ನು ತಿನ್ನಿಸುವ ಕತೆ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಇದನ್ನು ಮೊದಲು ಅಚ್ಚು ಹಾಕಿಸಿದಾಗ ಅದರಲ್ಲಿ ಮಲತಾಯಿಯೇ ಇರಲಿಲ್ಲ. ಮಗುವನ್ನು ಕೊಲ್ಲಲು ಹೊರಟವಳು ಹೆತ್ತ ತಾಯಿಯೇ ಆಗಿದ್ದಳು. 1819ರ ಆವೃತ್ತಿಯಲ್ಲಿ ಅವರು ಆಕೆಯನ್ನು ಮಲತಾಯಿಯಾಗಿ ಬದಲಿಸಿದರು. ಹೆತ್ತ ತಾಯಿ ಹಾಗೆ ಮಾಡುವಳೆಂಬುದನ್ನು ಓದುಗರ ಮುಂದಿಡಲು ಅವರಿಗೆ ಮನಸ್ಸಾಗಲಿಲ್ಲವೆಂದು ವಿದ್ವಾಂಸರು ಹೇಳುತ್ತಾರೆ. ಹೀಗೆ ಒಂದು ತಿದ್ದುಪಡಿಯಿಂದ ಅಪರಾಧವು ಮಲತಾಯಿಯ ತಲೆಗೆ ಬಂತು. ಇಂತಹ ಕತೆಗಳನ್ನು ಕೇಳಿ ಬೆಳೆದ ನಾವು, ಪತ್ನಿಯನ್ನು ಕಳಕೊಂಡವನು ಮರುಮದುವೆಯಾದರೆ ಹೊಸದಾಗಿ ಬಂದವಳನ್ನು ಮೊದಲ ದಿನದಿಂದಲೇ ಸಂಶಯದಿಂದ ನೋಡುತ್ತೇವೆ. ಮಕ್ಕಳಿರುವ ವಿಧವೆಯನ್ನು ವರಿಸಲು ನಮ್ಮ ಯುವಕರು ಮುಂದೆ ಬರುವುದೇ ಇಲ್ಲ. ಪ್ರವಾದಿ(ಸ)ಯವರ ಮನೆಯಲ್ಲಿ ಬೆಳೆದ ಉಮರ್ ಬಿನ್ ಅಬೀ ಸಲಮಃ(ರ) ಯಾರು? ಉಮ್ಮು ಸಲಮಃ(ರ)ರ ಮೊದಲ ಪತಿಯ ಮಗ. ಊಟದ ತಟ್ಟೆಯಲ್ಲಿ ಕೈ ಅತ್ತಿತ್ತ ಓಡಾಡಿಸುತ್ತಿದ್ದ ಆ ಬಾಲಕನಿಗೆ ಅಲ್ಲಾಹನ ನಾಮ ಹೇಳಿ, ಬಲಗೈಯಿಂದ, ತನ್ನ ಮುಂದಿರುವುದನ್ನು ತಿನ್ನುವಂತೆ ಪ್ರವಾದಿ(ಸ) ಕಲಿಸಿದರು. ನಾವೆಲ್ಲರೂ ಮಕ್ಕಳಿಗೆ ಹೇಳಿಕೊಡುವ ಆ ಊಟದ ಶಿಷ್ಟಾಚಾರವು ಒಬ್ಬ ಮಲತಂದೆ ತನ್ನ ಮಡಿಲಲ್ಲಿ ಬೆಳೆದ ಹುಡುಗನಿಗೆ ಪ್ರೀತಿಯಿಂದ ಹೇಳಿದ ಮಾತೆಂಬುದು ಎಷ್ಟು ಮಂದಿಗೆ ನೆನಪಿದೆ?

ಧಾರಾವಾಹಿಗೆ ಮರಳೋಣ. ಅದು ಹಳೆಯ ಕತೆಗೆ ಒಂದು ಪ್ರಶ್ನೆ ಹಾಕುತ್ತದೆ. ಈ ದುಷ್ಟ ರಾಣಿ ದುಷ್ಟಳಾದದ್ದು ಹೇಗೆ? ಆಕೆಯ ಹೆಸರು ರೆಜಿನಾ. ತಾಯಿ ಕೋರಾ ಬಡ ಗಿರಣಿಯವನ ಮಗಳು. ಯೌವನದಲ್ಲಿ ಈವಾ ಎಂಬ ರಾಜಕುಮಾರಿಯೊಬ್ಬಳು ಕೋರಾಳನ್ನು ಬೇಕೆಂದೇ ಕಾಲು ಅಡ್ಡಕೊಟ್ಟು ಬೀಳಿಸಿ, ತುಂಬಿದ ಅರಮನೆಯಲ್ಲಿ ಅವಮಾನಿಸುತ್ತಾಳೆ. ಆ ಒಂದು ಅವಮಾನ ಕೋರಾಳ ಎದೆಯಲ್ಲಿ ಬೇರು ಬಿಡುತ್ತದೆ. ತನಗೆ ದಕ್ಕದ ಸಿಂಹಾಸನ ಮಗಳಿಗಾದರೂ ದಕ್ಕಲಿ ಎಂದು ಅವಳು ನಿರ್ಧರಿಸುತ್ತಾಳೆ. ರೆಜಿನಾಳಾದರೋ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಡೇನಿಯಲ್ ಎಂಬ ಸಾಮಾನ್ಯ ಯುವಕನನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾಳೆ. ಈ ಗುಟ್ಟು ಬಾಲಕಿ ಸ್ನೋವೈಟ್‌ಗೆ ತಿಳಿಯುತ್ತದೆ. ಯಾರಿಗೂ ಹೇಳುವುದಿಲ್ಲವೆಂದು ಅವಳು ಮಾತು ಕೊಟ್ಟಿರುತ್ತಾಳೆ. ಆದರೆ ಮಗಳು ತನ್ನಿಂದ ದೂರವಾಗುತ್ತಿದ್ದಾಳೆಂದು ಕೋರಾ ಅವಳ ಮುಂದೆ ಕಣ್ಣೀರು ಹಾಕಿದಾಗ, ತಾಯಿಯನ್ನು ಕಳಕೊಂಡಿದ್ದ ಆ ಮಗು, ಇನ್ನೊಬ್ಬಳಿಗೆ ತಾಯಿ ತಪ್ಪಿಹೋಗದಿರಲಿ ಎಂಬ ಅನುಕಂಪದಿಂದ ಗುಟ್ಟನ್ನು ಬಿಟ್ಟುಕೊಡುತ್ತದೆ. ಕೋರಾ ಆ ಯುವಕನ ಎದೆಯಿಂದ ಹೃದಯವನ್ನೇ ಕಿತ್ತು ಪುಡಿಗಟ್ಟುತ್ತಾಳೆ. ಬಳಿಕ ಮಗಳನ್ನು ಸ್ನೋವೈಟ್‌ನ ತಂದೆಯಾದ ರಾಜನಿಗೆ ಮದುವೆ ಮಾಡಿಸುತ್ತಾಳೆ. ಎಲ್ಲವೂ ಮಗಳ ಒಳಿತಿಗಾಗಿ!

ಇಲ್ಲಿ ಸ್ವಲ್ಪ ನಿಲ್ಲಬೇಕು. ಕೋರಾ ಮಗಳನ್ನು ದ್ವೇಷಿಸುವುದಿಲ್ಲ, ಅವಳ ಮೇಲೆ ಆಸೆಯ ಕಣ್ಣಿಟ್ಟಿದ್ದಾಳೆ. ಮಗಳ ಬದುಕು ಅವಳ ಪಾಲಿಗೆ ತನ್ನ ಹಳೆಯ ಸಾಲದ ವಸೂಲಿ. ನಮ್ಮಲ್ಲಿ ಕತ್ತಿ ಹಿಡಿದು ಹೃದಯ ಕೀಳುವವರಿಲ್ಲ, ಸರಿ. ಆದರೆ ಹುಡುಗಿಯ ಒಪ್ಪಿಗೆ ಕೇಳುವ ಶಾಸ್ತ್ರವು ನಿಕಾಹ್‌ನ ದಿನ, ಅತಿಥಿಗಳು ಊಟಕ್ಕೆ ಕುಳಿತ ಮೇಲೆ ನಡೆಯುವುದನ್ನು ನಾವು ಕಂಡಿಲ್ಲವೇ? ಆ ಹೊತ್ತಿನಲ್ಲಿ ಬೇಡವೆನ್ನುವ ಧೈರ್ಯ ಯಾವ ಹೆಣ್ಣಿಗಿದೆ? ಖನ್ಸಾ ಬಿಂತ್ ಖಿದಾಮ್(ರ) ಎಂಬ ಅನ್ಸಾರಿ ಮಹಿಳೆಯನ್ನು ತಂದೆ ಅವರಿಗೆ ಇಷ್ಟವಿಲ್ಲದೆ ಮದುವೆ ಮಾಡಿಕೊಟ್ಟಾಗ ಅವರು ನೇರವಾಗಿ ಪ್ರವಾದಿ(ಸ)ಯವರ ಬಳಿ ಬಂದು ದೂರಿದರು. ಪ್ರವಾದಿ(ಸ) ಆ ಮದುವೆಯನ್ನು ರದ್ದುಗೊಳಿಸಿದರು. ತಂದೆಯ ಉದ್ದೇಶ ಒಳ್ಳೆಯದಿತ್ತೇ ಕೆಟ್ಟದಿತ್ತೇ ಎಂಬುದು ಅಲ್ಲಿ ನಿರ್ಣಾಯಕವಾಗಲಿಲ್ಲ.

ಅಂದ ಹಾಗೆ, ರೆಜಿನಾಳಿಗೆ ತಂದೆಯೂ ಇದ್ದಾನೆ. ಬಹಳ ಸಾಧು ಮನುಷ್ಯ. ಮಗಳೆಂದರೆ ಜೀವ. ಪತ್ನಿಯ ಅನ್ಯಾಯವನ್ನೆಲ್ಲ ಕಣ್ಣಾರೆ ನೋಡಿಯೂ ತುಟಿ ಬಿಚ್ಚುವುದಿಲ್ಲ. ಮುಂದೆ ಮಗಳು ನಾಡಿಗೇ ಶಾಪ ಹಾಕಲು ಹೊರಟಾಗ, ತಾನು ಅತಿಯಾಗಿ ಪ್ರೀತಿಸುವ ಜೀವದ ಹೃದಯವೊಂದನ್ನು ಬಲಿ ಕೊಡಬೇಕಾಗುತ್ತದೆ. ಅವಳು ಕೊಲ್ಲುವುದು ಈ ಸಾಧು ತಂದೆಯನ್ನು! ಮನೆಯಲ್ಲಿ ಜಗಳ ಬೇಡವೆಂದು ಮೌನವಾಗಿರುವ ತಂದೆಯರ ಬಗ್ಗೆ ಇದಕ್ಕಿಂತ ಕಠೋರವಾದ ಟೀಕೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ರೆಜಿನಾ ಸೇಡು ತೀರಿಸಿಕೊಳ್ಳಬೇಕಾದದ್ದು ಯಾರ ಮೇಲೆ? ಕೊಂದವಳು ತಾಯಿ. ಆದರೆ ದ್ವೇಷ ತಿರುಗುವುದು ಬಾಯಿ ಜಾರಿದ ಬಾಲಕಿಯ ಮೇಲೆ. ಆ ಬಾಲಕಿಯಿಂದ ಇಡೀ ನಾಡಿನ ಮೇಲೆ. ಸ್ನೋವೈಟ್‌ನ ಗುರುತು ಕೊಡದ ತಪ್ಪಿಗೆ ಒಂದು ಹಳ್ಳಿಯನ್ನೇ ಅವಳು ಕೊಲ್ಲಿಸುತ್ತಾಳೆ. ಪ್ರಬಲರಾದವರು ತಮ್ಮ ನೋವನ್ನು ಪರವಾನಿಗೆಯಾಗಿ ಬಳಸಿದಾಗ ಯಾವಾಗಲೂ ಆಗುವುದು ಇದೇ. ಒಬ್ಬನ ಮೇಲಿನ ಆರೋಪಕ್ಕೆ ಅವನ ಮನೆಯನ್ನು ಬುಲ್ಡೋಝರ್‌ನಿಂದ ಕೆಡವಿ, ತಾಯಿ ಮಕ್ಕಳನ್ನು ಬೀದಿಗೆ ತಳ್ಳುವುದನ್ನು ನಮ್ಮ ದೇಶದಲ್ಲಿ ಕೆಲವು ಸರಕಾರಗಳು ಆಡಳಿತದ ಶೈಲಿಯನ್ನಾಗಿಯೇ ಮಾಡಿಕೊಂಡಿದ್ದವು. 2024ರ ನವೆಂಬರ್ 13ರಂದು ಸುಪ್ರೀಮ್ ಕೋರ್ಟ್ ಇದು ಸಂವಿಧಾನ ವಿರೋಧಿಯೆಂದೂ, ಒಬ್ಬ ಆರೋಪಿಗಾಗಿ ಇಡೀ ಕುಟುಂಬವನ್ನು ಶಿಕ್ಷಿಸುವಂತಿಲ್ಲವೆಂದೂ ತೀರ್ಪಿತ್ತಿತು. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂಬುದು ಕುರ್‌ಆನ್ ಹಲವೆಡೆ ಸಾರಿದ ತತ್ವ.

ಆ ತೀರ್ಪಿಗೆ ನಾವೆಲ್ಲ ಸಂತೋಷಪಟ್ಟೆವು. ಆದರೆ ನಮ್ಮ ಮನೆಗಳಲ್ಲಿ ಯಾವ ತೀರ್ಪು ನಡೆಯುತ್ತಿದೆ? ಅಜ್ಜನ ಕಾಲದಲ್ಲಿ ಗಡಿಯ ಒಂದು ತೆಂಗಿನ ಮರಕ್ಕಾಗಿ ಇಬ್ಬರು ಸಹೋದರರು ಮಾತು ಬಿಟ್ಟರು. ಇಬ್ಬರೂ ಇಂದು ಒಂದೇ ಕಬರಸ್ತಾನದಲ್ಲಿ ಮಲಗಿದ್ದಾರೆ. ಮೊಮ್ಮಕ್ಕಳು ಮಾತ್ರ ಮದುವೆಗೆ ಹೋಗುವುದಿಲ್ಲ, ಮಯ್ಯಿತ್‌ಗೂ ಹೋಗುವುದಿಲ್ಲ, ಹಬ್ಬದ ದಿನ ಮಸೀದಿಯ ಅಂಗಳದಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಜಗಳ ಯಾಕೆಂದು ಕೇಳಿದರೆ ಅವರಿಗೆ ಸರಿಯಾಗಿ ಗೊತ್ತಿಲ್ಲ. ಆ ಧಾರಾವಾಹಿಯಲ್ಲಿ ಕೋರಾಳಿಗೆ ಕಾಲು ಅಡ್ಡಕೊಟ್ಟ ಈವಾಳ ಮಗಳೇ ಸ್ನೋವೈಟ್. ಸ್ನೋವೈಟ್‌ನ ಮಗಳು ಎಮ್ಮಾ ಹುಟ್ಟಿದ ದಿನವೇ ಶಾಪದಿಂದ ತಪ್ಪಿಸಲ್ಪಟ್ಟು, ಬೇರೆ ಲೋಕದಲ್ಲಿ ಅನಾಥಳಾಗಿ ಬೆಳೆಯುತ್ತಾಳೆ. ಎಮ್ಮಾಳ ಮಗ ಹೆನ್ರಿ ದತ್ತುಪುತ್ರನಾಗಿ ರೆಜಿನಾಳ ಕೈ ಸೇರುತ್ತಾನೆ. ಒಂದು ಕಾಲು ಅಡ್ಡಕೊಟ್ಟದ್ದಕ್ಕೆ ನಾಲ್ಕನೆಯ ತಲೆಮಾರಿನ ಹತ್ತು ವರ್ಷದ ಹುಡುಗ ಬೆಲೆ ತೆರುತ್ತಿದ್ದಾನೆ. ನಮ್ಮ ತೆಂಗಿನ ಮರದ ಕತೆಗೂ ಇದಕ್ಕೂ ಬಹಳ ವ್ಯತ್ಯಾಸವಿದೆಯೇ?

ಇನ್ನೊಂದು ಪಾತ್ರ ರಂಪಲ್‌ಸ್ಟಿಲ್ಟ್‌ಸ್ಕಿನ್. ನನ್ನ ದೃಷ್ಟಿಯಲ್ಲಿ ಇಡೀ ಕತೆಯ ಅತ್ಯಂತ ಗಂಭೀರ ಪಾತ್ರವಿದು. ನೂಲು ತೆಗೆದು ಬದುಕುವ ಬಡವ, ಕುಂಟ, ಊರಿಗೆಲ್ಲ ಹೇಡಿ. ಎಳವೆಯಲ್ಲಿ ಅವನ ತಂದೆ ತನ್ನ ಚಿರಯೌವನದ ಆಸೆಗಾಗಿ ಅವನನ್ನು ಕೈಬಿಟ್ಟಿರುತ್ತಾನೆ. ತನ್ನ ಮಗ ಬೇಲ್‌ಫೈರ್‌ಗೆ ಆ ಗತಿ ಬರಬಾರದೆಂಬುದು ಅವನ ಏಕೈಕ ಹಂಬಲ. ಯುದ್ಧಕ್ಕೆ ಎಳೆದೊಯ್ಯಲ್ಪಡಲಿದ್ದ ಮಗನನ್ನು ಉಳಿಸಲು ಅವನು ದುಷ್ಟಶಕ್ತಿಯೊಂದನ್ನು ಮೈಮೇಲೆ ತಂದುಕೊಳ್ಳುತ್ತಾನೆ. ಮಗ ಉಳಿದ. ಆದರೆ ತಂದೆ ಶಕ್ತಿಯ ರುಚಿ ಕಂಡ. ಸಣ್ಣ ಸಣ್ಣ ತಪ್ಪಿಗೆ ಜನರನ್ನು ಕೊಲ್ಲತೊಡಗಿದ, ಅದೂ ಮಗನ ರಕ್ಷಣೆಯ ನೆಪದಲ್ಲಿ. ಹೆದರಿದ ಮಗ, ಮಂತ್ರಶಕ್ತಿಯಿಲ್ಲದ ಲೋಕಕ್ಕೆ ಹೋಗಿ ಮೊದಲಿನಂತೆ ಬಡವರಾಗಿ ಬದುಕೋಣವೆಂದು ಬೇಡುತ್ತಾನೆ. ದಾರಿ ತೆರೆದಾಗ ತಂದೆ ಕೊನೆಯ ಕ್ಷಣದಲ್ಲಿ ಮಗನ ಕೈಯನ್ನೇ ಬಿಟ್ಟುಬಿಡುತ್ತಾನೆ. ಶಕ್ತಿಯನ್ನು ಬಿಡಲು ಅವನಿಂದಾಗುವುದಿಲ್ಲ. ಮಗನಿಗಾಗಿ ಗಳಿಸಿದ್ದು ಮಗನಿಗಿಂತ ದೊಡ್ಡದಾಗಿಬಿಟ್ಟಿತ್ತು.

ಬಡ್ಡಿಯ ವ್ಯವಹಾರ ಮಾಡುವವನನ್ನು ಕೇಳಿರಿ, ಮಕ್ಕಳಿಗಾಗಿ ಎನ್ನುತ್ತಾನೆ. ವರದಕ್ಷಿಣೆ ಪಡೆಯುವ ತಾಯಿಯನ್ನು ಕೇಳಿರಿ, ಮಗನ ಭವಿಷ್ಯಕ್ಕಾಗಿ ಎನ್ನುತ್ತಾಳೆ. ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆಯೆಂಬ ಹದೀಸ್ ನಮಗೆಲ್ಲ ಕಂಠಪಾಠ. ಆದರೆ ಅದು ಸತ್ಕರ್ಮವನ್ನು ಪರಿಶುದ್ಧಗೊಳಿಸಲು ಹೇಳಿದ ಮಾತೇ ವಿನಾ ಹರಾಮನ್ನು ಹಲಾಲ್ ಮಾಡುವ ಮೊಹರಲ್ಲ. ನುಅ್‌ಮಾನ್ ಬಿನ್ ಬಶೀರ್(ರ)ರಿಗೆ ತಂದೆ ಒಂದು ಉಡುಗೊರೆ ಕೊಟ್ಟರು. ಇದಕ್ಕೆ ಪ್ರವಾದಿ(ಸ)ಯವರನ್ನು ಸಾಕ್ಷಿಯಾಗಿಸಬೇಕೆಂದು ತಾಯಿ ಹಟ ಹಿಡಿದರು. ತಾಯಿಯ ಮಮತೆಯಲ್ಲಿ ಯಾರಿಗೆ ಸಂಶಯ? ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ ಎಂದು ಪ್ರವಾದಿ(ಸ) ವಿಚಾರಿಸಿದರು. ಇಲ್ಲವೆಂದಾಗ ಸಾಕ್ಷಿಯಾಗಲು ನಿರಾಕರಿಸಿದರು. ತಂದೆ ಉಡುಗೊರೆಯನ್ನು ಹಿಂದಕ್ಕೆ ಪಡೆದರು.

ಗಲ್ಫ್‌ನಲ್ಲಿ ದುಡಿಯುವ ಸಹೋದರರನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಅವರದು ಬೆವರಿನ ಹಲಾಲ್ ಸಂಪಾದನೆ, ಅವರ ತ್ಯಾಗದಿಂದ ನಮ್ಮ ಎಷ್ಟೋ ಮನೆಗಳು ನಿಂತಿವೆ. ಆದರೆ ಸಾಲ ತೀರಿದ ಮೇಲೂ, ಮನೆ ಕಟ್ಟಿಯಾದ ಮೇಲೂ, ಎರಡನೆಯ ಮಹಡಿಗಾಗಿ ಇನ್ನೂ ಐದು ವರ್ಷ ಎನ್ನುವವರು ಒಮ್ಮೆ ಮಗನನ್ನೇ ಕೇಳಿ ನೋಡಲಿ, ಅವನಿಗೆ ಮಹಡಿ ಬೇಕೇ ತಂದೆ ಬೇಕೇ ಎಂದು.

ಧಾರಾವಾಹಿಯ ಬಗ್ಗೆ ನನಗೊಂದು ದೊಡ್ಡ ತಕರಾರಿದೆ. ಅದು ಅಪರಾಧಿಗಳನ್ನು ಬಹಳ ಅಗ್ಗದಲ್ಲಿ ಕ್ಷಮಿಸುತ್ತದೆ. ರೆಜಿನಾ ಬದಲಾಗುತ್ತಾಳೆ, ನಿಜ. ಹೆನ್ರಿಯ ಮೇಲಿನ ಪ್ರೀತಿ ಅವಳನ್ನು ಬದಲಿಸುತ್ತದೆ. ಆ ಭಾಗ ಮನಮುಟ್ಟುವಂತಿದೆ. 2018ರ ಕೊನೆಯ ಕಂತಿನಲ್ಲಿ ಜನರೇ ಅವಳಿಗೆ ಸದ್ಗುಣಿ ರಾಣಿಯೆಂದು ಕಿರೀಟ ತೊಡಿಸುತ್ತಾರೆ. ಆದರೆ ಆ ಹಳ್ಳಿಯ ಹೆಣಗಳು? ಗ್ರಹಾಂ ಎಂಬ ಬೇಟೆಗಾರನ ಹೃದಯವನ್ನು ಅವಳು ವರ್ಷಗಟ್ಟಲೆ ಒತ್ತೆಯಿಟ್ಟುಕೊಂಡು ಗುಲಾಮನಂತೆ ಬಳಸಿ, ಮೊದಲ ಸರಣಿಯಲ್ಲೇ ಹಿಚುಕಿ ಕೊಂದಿದ್ದಳು. ಅವನ ಪರವಾಗಿ ಕ್ಷಮಿಸಿದವರು ಯಾರು? ಪ್ರೇಕ್ಷಕರು ಕ್ಷಮಿಸಿಬಿಟ್ಟರು, ಅಷ್ಟೇ. ಅವಳ ಬಾಲ್ಯದ ನೋವನ್ನು ತಿಳಿದ ಮೇಲೆ ಅವಳ ಬಲಿಪಶುಗಳನ್ನು ನಾವು ಮರೆತುಬಿಡುತ್ತೇವೆ. ಇಂದಿನ ಮನರಂಜನೆಯು ನಮ್ಮ ಮಕ್ಕಳಿಗೆ ಕಲಿಸುತ್ತಿರುವ ಅಪಾಯಕಾರಿ ಪಾಠ ಮಾಟಕ್ಕಿಂತ ಹೆಚ್ಚಾಗಿ ಇದುವೇ ಎಂದು ನನಗನಿಸುತ್ತದೆ.

ಯೂಸುಫ್ ಅಧ್ಯಾಯವನ್ನು ನೋಡಿರಿ. ಅಲ್ಲಿಯೂ ಸಹೋದರರಿಗೆ ಒಂದು ನೋವಿತ್ತು. ತಂದೆ ತಮಗಿಂತ ಯೂಸುಫ್(ಅ)ರನ್ನೂ ಅವರ ತಮ್ಮನನ್ನೂ ಹೆಚ್ಚು ಪ್ರೀತಿಸುತ್ತಾರೆಂಬ ನೋವು. ಕುರ್‌ಆನ್ ಅದನ್ನು ಮರೆಮಾಚದೆ ಅವರ ಬಾಯಿಂದಲೇ ಹೇಳಿಸುತ್ತದೆ. ಆದರೆ ಅದು ಬಾವಿಗೆ ತಳ್ಳಿದ್ದಕ್ಕೆ ಸಮರ್ಥನೆಯಾಗಲಿಲ್ಲ. ಕ್ಷಮೆ ದೊರೆತದ್ದು ಅವರು ಯೂಸುಫ್(ಅ)ರ ಮುಂದೆಯೇ ನಿಂತು ತಪ್ಪೊಪ್ಪಿಕೊಂಡಾಗ. ಕ್ಷಮಿಸಿದವರು ಅನ್ಯಾಯಕ್ಕೊಳಗಾದ ಯೂಸುಫ್(ಅ)ರೇ. ಇನ್ನು ಆ ಕ್ಷಮೆಯ ಸೊಗಸು ನೋಡಿ. ಮಾತಾಪಿತರು ಬಂದು ಕುಟುಂಬ ಒಂದಾದಾಗ ಅಲ್ಲಾಹನು ತನ್ನನ್ನು ಸೆರೆಮನೆಯಿಂದ ಹೊರತಂದುದನ್ನು ಅವರು ಸ್ಮರಿಸುತ್ತಾರೆ, ಬಾವಿಯಿಂದ ಹೊರತಂದುದನ್ನು ಹೇಳುವುದಿಲ್ಲ. ಎದುರಿಗಿದ್ದ ಸಹೋದರರು ನಾಚಬಾರದೆಂದು ಆ ಒಂದು ಶಬ್ದವನ್ನು ನುಂಗಿಕೊಂಡರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ.

ಮನುಷ್ಯರ ಹಕ್ಕುಗಳ ವಿಷಯದಲ್ಲಿ ತೌಬಾ ಎಂದರೆ ಕಸಿದದ್ದನ್ನು ಮರಳಿಸುವುದೂ ಸೇರಿದೆಯೆಂದು ನಮ್ಮ ವಿದ್ವಾಂಸರು ಒಕ್ಕೊರಲಿನಿಂದ ಹೇಳಿದ್ದಾರೆ. ಗ್ರಹಾಂನಿಗೆ ವಾರಸುದಾರರಿರಲಿಲ್ಲ, ಅವನು ಕಾಲ್ಪನಿಕ ಪಾತ್ರ. ಆದರೆ ತಂದೆಯ ಆಸ್ತಿಯಲ್ಲಿ ಸಿಗಬೇಕಾದ ಪಾಲನ್ನು ಸಹೋದರರಿಗೆ ಬಿಟ್ಟುಕೊಟ್ಟೆನೆಂದು ಸಹಿ ಹಾಕಿಸಿಕೊಂಡ ಸಹೋದರಿ ನಿಮ್ಮ ಊರಿನಲ್ಲೇ ಇದ್ದಾಳೆ. ಬಹುಶಃ ಈ ಸಭೆಯ ಪರದೆಯ ಆಚೆ ಬದಿಯಲ್ಲಿ ಕುಳಿತಿದ್ದಾಳೆ. ಆ ಕಾಗದದಲ್ಲಿ ಎಷ್ಟು ಸೆಂಟ್ಸ್ ಜಾಗ ಬರೆದಿತ್ತೆಂಬುದು ಆಕೆಗೂ ಗೊತ್ತು, ಬರೆಸಿಕೊಂಡವರಿಗೂ ಗೊತ್ತು. ಅಸ್ರ್ ನಮಾಝಿಗೆ ಇನ್ನು ಸ್ವಲ್ಪವೇ ಸಮಯವಿದೆ. ನಮಾಝ್ ಮುಗಿದ ಬಳಿಕ ಮನೆಗೆ ಹೋಗುವ ದಾರಿಯಲ್ಲಿ ಆಕೆಯ ಮನೆಯೂ ಸಿಗುತ್ತದೆ.