ದಿಕ್ಕು ಹಿಡಿಯುವ ಆಂಟೆನಾ
(ವಿರೂಪಾಕ್ಷಿಪುರದಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

 

ಹಿಂದೆ ನಮ್ಮ ಮಾಳಿಗೆಗಳ ಮೇಲೆ ಮೀನಿನ ಮುಳ್ಳಿನಂತೆ ನಿಂತಿರುತ್ತಿದ್ದ ಟಿ.ವಿ. ಆಂಟೆನಾ ನಿಮಗೆ ನೆನಪಿರಬಹುದು. ದೂರದರ್ಶನದ ಚಿತ್ರ ಮಸುಕಾದರೆ ಒಬ್ಬರು ಮೇಲೆ ಹತ್ತಿ ತಿರುಗಿಸುತ್ತಿದ್ದರು, ಕೆಳಗಿನವರು "ಬಂತು, ಬಂತು" ಎನ್ನುತ್ತಿದ್ದರು. ಅದು ಯಾಗಿ-ಉದಾ ಆಂಟೆನಾ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶಿಂಟಾರೊ ಉದಾ ಮತ್ತು ಹಿಡೆತ್ಸುಗು ಯಾಗಿ 1926ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಇಂದಿಗೂ ಇದನ್ನು ಮನೆಯಲ್ಲೇ ತಯಾರಿಸುತ್ತಾರೆ. ನಿಮ್ಮ ಮಕ್ಕಳೂ ತಯಾರಿಸಬಲ್ಲರು.

ಮೊದಲು ಲೆಕ್ಕ. 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 145 ಮೆಗಾಹರ್ಟ್ಸ್‌ಗೆ ಅದು ಸುಮಾರು 2.07 ಮೀಟರ್. ಅರ್ಧ ಅಲೆ ಒಂದು ಮೀಟರಿಗೆ ತುಸು ಹೆಚ್ಚು. ಆಂಟೆನಾದ ಅಳತೆಗಳೆಲ್ಲ ಇದರ ಆಸುಪಾಸಿನವು.

ಬೇಕಾದುದು ಹಳೆಯ ಸ್ಟೀಲ್ ಅಳತೆ ಟೇಪು, ಒಂದು ಪಿವಿಸಿ ಪೈಪು ಅಥವಾ ಒಣಗಿದ ಮರದ ಪಟ್ಟಿ. ಚನ್ನಪಟ್ಟಣದ ಬೊಂಬೆ ಕೆಲಸದ ಮನೆಗಳಲ್ಲಿ ಇಂಥ ಮರದ ತುಂಡಿಗೆ ಬರವಿಲ್ಲ. ಟೇಪಿನಿಂದ ಹಿಂದಿನ ಪಟ್ಟಿ 106 ಸೆಂ.ಮೀ., ಮುಂದಿನದು 90 ಸೆಂ.ಮೀ. ಕತ್ತರಿಸಿ. ನಡುವೆ 45 ಸೆಂ.ಮೀ.ಯ ಎರಡು ತುಂಡು, ಅವುಗಳ ಮಧ್ಯೆ ಒಂದು ಇಂಚು ತೆರಪು ಇರಲಿ. ನಡುವಿನದರಿಂದ ಹಿಂದಿನದು 20, ಮುಂದಿನದು 32 ಸೆಂ.ಮೀ. ದೂರ. ತೆರಪಿನ ಎರಡು ತುದಿಗಳ ಬಣ್ಣ ಕೆರೆದು, ಐದು ಇಂಚಿನ ತಂತಿಯನ್ನು 'ಯು' ಆಕಾರಕ್ಕೆ ಬಾಗಿಸಿ ಅಡ್ಡಲಾಗಿ ಬೆಸೆಯಿರಿ. ಕೇಬಲಿನ ಒಳತಂತಿ ಒಂದು ತುದಿಗೆ, ಹೊರ ಜಾಲರಿ ಇನ್ನೊಂದಕ್ಕೆ. ಟೇಪಿನ ಅಂಚು ಕೈ ಕೊಯ್ಯುತ್ತದೆ, ಜೋಪಾನ.

ಉದ್ದದ ಹಿಂಪಟ್ಟಿ ಕನ್ನಡಿಯಂತೆ ಅಲೆಯನ್ನು ಮುಂದಕ್ಕೆ ತಳ್ಳುತ್ತದೆ, ಗಿಡ್ಡ ಮುಂಪಟ್ಟಿ ಅದನ್ನು ಒಂದೇ ದಿಕ್ಕಿಗೆ ಕೂಡಿಸುತ್ತದೆ. ಪರವಾನಗಿ ಹೊಂದಿದ ಹ್ಯಾಮ್ ಒಬ್ಬರ ಸೆಟ್ಟಿಗೆ ಜೋಡಿಸಿದರೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ಕೇಂದ್ರ 145.800 ಮೆಗಾಹರ್ಟ್ಸ್‌ನಲ್ಲಿ ಮಾತಾಡುವಾಗ ಕೇಳಬಹುದು. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಬೆಂಗಳೂರಿನಲ್ಲಿ ಸೇರಿದ್ದ ವಿದ್ಯಾರ್ಥಿಗಳೊಡನೆ ಮಾತಾಡಿದ್ದು ಹ್ಯಾಮ್ ರೇಡಿಯೋದಲ್ಲೇ.

ನಿಲ್ದಾಣದತ್ತ ಆಂಟೆನಾ ಹಿಡಿಯಲು ಉತ್ತರದಿಂದ ಅಳೆಯುವ ಕೋನ ಗೊತ್ತಿರಬೇಕು. ಅದರ ಹೆಸರು ಅಜಿಮುತ್. ಉರ್ದು ತರಗತಿಯಲ್ಲಿ 'ಸಮ್ತ್' ಎಂದರೆ ದಿಕ್ಕು ಎಂದು ಕಲಿಯುತ್ತೀರಲ್ಲ, ಅದರ ಅರಬ್ಬಿ ಬಹುವಚನ 'ಸುಮೂತ್'ನಿಂದಲೇ ಈ ಪದ ಬಂದಿದೆ. ಸಾವಿರ ವರ್ಷಗಳ ಹಿಂದೆ ಅಲ್-ಬಿರೂನಿ ಕಿಬ್ಲಾದ ದಿಕ್ಕಿಗಾಗಿ ಇದೇ ಕೋನವನ್ನು ಲೆಕ್ಕ ಹಾಕಿದರು. ವಿಜ್ಞಾನ ನಮಗಲ್ಲ ಎಂದು ಹತ್ತನೇ ತರಗತಿಗೇ ಕೈಬಿಡುವ ಮಕ್ಕಳು ಇದನ್ನು ಅರಿಯಬೇಕು. ಹೆಣ್ಣುಮಕ್ಕಳು ಮುಖ್ಯವಾಗಿ ಅರಿಯಬೇಕು.

ಪೋಷಕರಲ್ಲಿ ಒಂದು ಮಾತು. ವೈರ್‌ಲೆಸ್ ಎಂದರೆ ನಿಮಗೆ ಅಂಜಿಕೆ ಬೇಡ, ಮಕ್ಕಳಿಗೆ ಉಡಾಫೆ ಬೇಡ. ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಇದೆ. ಓದಿಸಿ, ಬರೆಸಿ. ಪಾಸಾದ ಮಗು ತನ್ನದೇ ಕರೆಸಂಕೇತದಿಂದ ಜಗತ್ತಿನೊಡನೆ ತಲೆಯೆತ್ತಿ ಮಾತಾಡಲಿ.

ವಸ್ಸಲಾಮ್.