ಹೆಸರು ಬಿಟ್ಟರೆ ಸಾಲದು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮ್ಮ ಹೆಣ್ಣುಮಗಳ ಮೇಲೆ ಅತ್ಯಾಚಾರವಾದರೆ ಪತ್ರಿಕೆಗಳು ಅವಳ ಹೆಸರೊಂದನ್ನು ಬಿಟ್ಟು ಊರು, ಕೇರಿ, ಅಪ್ಪನ ಹೆಸರು ಎಲ್ಲಾ ಅಚ್ಚು ಹಾಕುತ್ತವೆ. ಹತ್ತು ಮನೆಯ ಕೇರೀಲಿ ಇನ್ನೇನು ಉಳೀತು? ನಾಳೆ ಅವಳು ಕೂಲಿಗೆ ಹೋಗಬೇಕಾದ್ದು ಅದೇ ಊರೊಳಗೆ.

ಗುರುತು ಬಯಲು ಮಾಡೋದು ಅಪರಾಧ ಅಂತ 1983ರಲ್ಲೇ ದಂಡಸಂಹಿತೆಗೆ 228ಎ ಕಲಂ ಸೇರಿತು. ಈಗ ಅದು ನ್ಯಾಯ ಸಂಹಿತೆಯ 72ನೇ ಕಲಂ. 2018ರಲ್ಲಿ ಕಥುವಾದ ಸತ್ತ ಮಗುವಿನ ಗುರುತು ಹಾಕಿದ ಮಾಧ್ಯಮ ಸಂಸ್ಥೆಗಳಿಗೆ ದೆಹಲಿ ಹೈಕೋರ್ಟು ತಲಾ 10 ಲಕ್ಷ ರೂಪಾಯಿ ಕಟ್ಟಿಸಿತು.

ವರದಿ ಬರೆಯೋ ನಾವೂ ಎಚ್ಚರವಾಗಿರಬೇಕು. ಅನ್ಯಾಯ ಮುಚ್ಚಿಡೋದು ಬೇಡ. ದೂರು ತಗೊಳ್ಳದ ಪೊಲೀಸರನ್ನ, ರಾಜಿಗೆ ಕರೆದ ದೊಡ್ಡವರನ್ನ ಬಿಡದೆ ಬರೆಯೋಣ. ಬರೆದದ್ದನ್ನು ಪಕ್ಕದೂರಿನವರಾಗಿ ಓದಿ ನೋಡೋಣ. ಅವಳು ಯಾರೆಂದು ತಿಳಿದರೆ ಆ ಸಾಲನ್ನು ಹೊಡೆದುಹಾಕೋಣ. ಹೆಸರು ಹೇಳೋದು ಬಿಡೋದು ಅವಳ ಹಕ್ಕು, ನಮ್ಮದಲ್ಲ.